ಶನಿವಾರ ನಮ್ಮ ಕಾರು ಓಡುವುದಿಲ್ಲ

ರಬ್ಬಿಗಳ ಕಾಗದ ಕೈಗೆ ಬಂದ ಹನ್ನೊಂದನೆಯ ದಿನ, ಶನಿವಾರ ಮಧ್ಯಾಹ್ನ, ಊಟ ಮುಗಿಸಿ ಸೋಫಾದ ಮೇಲೆ ಕಾಲು ಚಾಚಿ ನನ್ನ ಅಪ್ಪ ಟೀವಿ ಹಾಕಿದ.

ಕೈ ತಪ್ಪಿ ಹಾಕಿದ್ದಲ್ಲ. ರಿಮೋಟನ್ನು ದಿಂಬುಗಳ ಸಂದಿಯಿಂದ ಹುಡುಕಿ ತೆಗೆದ. ಬ್ಯಾಟರಿ ಸತ್ತಿದೆಯೇನೋ ಎಂದು ಅಂಗೈಗೆ ಎರಡು ಸಲ ಬಡಿದ. ಆಮೇಲೆ ಒತ್ತಿದ. ಶುಕ್ರವಾರ ಸೂರ್ಯ ಮುಳುಗಿದ ಹೊತ್ತಿನಿಂದ ಶನಿವಾರ ಮೂರು ನಕ್ಷತ್ರ ಕಾಣುವವರೆಗೆ, ಯೆಹೂದಿಗಳು ದೀಪ, ಯಂತ್ರ ಯಾವುದನ್ನೂ ಹಚ್ಚಬಾರದ ಆ ವಿಶ್ರಾಂತಿಯ ಹೊತ್ತಿನಲ್ಲಿ, ಆ ಡಬ್ಬ ಎರಡು ವರ್ಷದಿಂದ ಬಾಯಿ ಬಿಟ್ಟಿರಲಿಲ್ಲ. ಈಗ ಹಸಿರು ಮೈದಾನ, ಜನರ ಕೂಗು, ಕಾಮೆಂಟರಿ ಹೇಳುವವನ ಹರಿದ ಗಂಟಲು ಎಲ್ಲ ಒಟ್ಟಿಗೆ ಮನೆಯೊಳಗೆ ಸುರಿದವು.

ನನ್ನ ತಂಗಿ ವಿಯೊರಿಕಾ ನೆಲದ ಮೇಲೆ ಕೂತು ಏಪ್ರಿಕಾಟ್ ಬೀಜಗಳನ್ನು ಸಾಲಾಗಿ ಜೋಡಿಸಿಕೊಂಡು ಆಡುತ್ತಿದ್ದಳು. ಆರು ವರ್ಷದವಳು. ಎರಡೂ ಕೈಯಲ್ಲಿ ಕಣ್ಣು ಮುಚ್ಚಿಕೊಂಡು ಚೀರಿದಳು.

"ಅಪ್ಪಾ! ಶಬ್ಬಾತ್! ಮರ್ತುಬಿಟ್ಯಾ? ಇವತ್ತು ಶಬ್ಬಾತ್!"

ಅಪ್ಪ ನಕ್ಕ. "ಮರ್ತಿಲ್ಲ ನನ್ನ ಕಣ್ಣೇ. ಪರೀಕ್ಷೆ ಮುಗೀತು, ಪಾಸಾದ್ವಿ. ಇನ್ನೇನಿದ್ರೂ ರಜ."

ನಾನು ಅಮ್ಮನ ಕಡೆ ನೋಡಿದೆ. ಅವಳಾದರೂ ಬೈಯುತ್ತಾಳೆ ಅಂದುಕೊಂಡೆ. ಅಮ್ಮ ಮೇಜಿನ ಮೇಲಿನ ಬ್ರೆಡ್ಡಿನ ಚೂರುಗಳನ್ನು ಅಂಗೈಗೆ ಗುಡಿಸಿಕೊಳ್ಳುತ್ತಿದ್ದಳು. "ಸೌಂಡ್ ಸ್ವಲ್ಪ ಕಮ್ಮಿ ಮಾಡು ಪ್ರೋಸ್ಪೇರ್. ಕೆಳಗಿನ ಮನೆಯವ್ರಿಗೆ ಕೇಳತ್ತೆ," ಅಂದಳು. ಅಷ್ಟೇ ಅಂದಳು.

ವಿಯೊರಿಕಾ ಕಣ್ಣಿನ ಮೇಲಿನ ಕೈ ತೆಗೆದಳು. ಬೀಜಗಳನ್ನು ಒಂದೊಂದಾಗಿ ಹೆಕ್ಕಿ ಡಬ್ಬಿಗೆ ಹಾಕಿದಳು. ಎದ್ದು ಒಳಕೋಣೆಗೆ ಹೋದಳು. ಐದು ನಿಮಿಷ ಬಿಟ್ಟು ನಾನು ಹೋಗಿ ನೋಡಿದಾಗ ಮಂಚದ ಮೇಲೆ ಕೂತಿದ್ದಳು. ಶೂ ಹಾಕಿಕೊಂಡಿದ್ದಳು. ಲೇಸು ಎರಡು ಗಂಟು ಬಿಗಿದಿತ್ತು.

ಆ ಶೂ ಯಾಕೆ ಅಂತ ಆ ಮನೆಯಲ್ಲಿ ನನಗೊಬ್ಬನಿಗೇ ಗೊತ್ತಿತ್ತು.

ನಮ್ಮ ಮನೆಯ ಶನಿವಾರ ಮೊದಲು ನಮ್ಮೂರು ಬೇತ್ ಶೆಆನಿನ ಬೀದಿಯವರೆಲ್ಲರ ಶನಿವಾರದ ಹಾಗೇ ಇತ್ತು. ಶುಕ್ರವಾರ ಸಂಜೆ ಅಮ್ಮ ದೀಪ ಹಚ್ಚಿ, ಕಣ್ಣು ಮುಚ್ಚಿಕೊಂಡು, ದೇವರಿಗೆ ವಾರದ ದೂರೆಲ್ಲ ಒಪ್ಪಿಸುತ್ತಿದ್ದಳು. ಅಪ್ಪ ದ್ರಾಕ್ಷಾರಸದ ಬಟ್ಟಲು ಎತ್ತಿ ಪ್ರಾರ್ಥನೆ ಹೇಳುತ್ತಿದ್ದ. ರಾತ್ರಿಯೆಲ್ಲ ಬಿಸಿ ತಟ್ಟೆಯ ಮೇಲೆ ದಫಿನಾದ ಪಾತ್ರೆ ಕೂತಿರುತ್ತಿತ್ತು. ಗೋಧಿ, ಕಡಲೆ, ಮಾಂಸ, ಚಿಪ್ಪು ಕಂದು ಬಣ್ಣಕ್ಕೆ ತಿರುಗಿದ ಮೊಟ್ಟೆ. ಬೆಳಿಗ್ಗೆ ಅಪ್ಪ ಪ್ರಾರ್ಥನಾ ಮಂದಿರಕ್ಕೆ ಹೋಗಿ ಬರುವುದು, ಹೊಟ್ಟೆ ಬಿರಿಯ ತಿನ್ನುವುದು, ಆಮೇಲೆ ಕಾರು ಹತ್ತಿ ಫುಟ್‌ಬಾಲ್ ಮೈದಾನ. ಅಪ್ಪ ಬಸ್ ಡ್ರೈವರು. "ವಾರವೆಲ್ಲ ಜನರನ್ನ ತುಂಬ್ಕೊಂಡು ಓಡಿಸ್ತೀನಿ, ಅದು ಕೆಲಸ. ಶನಿವಾರ ಹೆಂಡ್ತೀನ ಕೂರಿಸ್ಕೊಂಡು ಓಡಿಸಿದ್ರೆ ಅದು ಕೆಲಸ ಅಲ್ಲ, ಶಿಕ್ಷೆ. ಶಿಕ್ಷೆ ಅನುಭವಿಸಬೇಡ ಅಂತ ದೇವರು ಎಲ್ಲೂ ಹೇಳಿಲ್ಲ," ಅನ್ನುತ್ತಿದ್ದ. ಅದನ್ನು ಯಾರೂ ತಪ್ಪು ಅನ್ನುತ್ತಿರಲಿಲ್ಲ. ಪಕ್ಕದ ಸೀಟಿನಲ್ಲಿ ಕೂತು ಪ್ರಾರ್ಥನೆ ಮಾಡಿದವನೇ ಮೈದಾನದಲ್ಲೂ ಪಕ್ಕದಲ್ಲಿ ಕೂತು ಸೂರ್ಯಕಾಂತಿ ಬೀಜ ಉಗಿಯುತ್ತಿದ್ದ.

ಗೋಲಿನಲ್ಲಿ ನಿಲ್ಲುತ್ತಿದ್ದವನು ನಾನು. ಹೆಸರು ಯಿನೋನ್. ಹದಿನಾರಕ್ಕೆ ಶಾಲೆ ನನ್ನನ್ನು ಬಿಟ್ಟಿತೋ ನಾನು ಶಾಲೆಯನ್ನು ಬಿಟ್ಟೆನೋ, ನಾನು ಎಸೆದ ಕುರ್ಚಿ ಕಿಟಕಿಯಿಂದ ಹೊರಗೆ ಹೋದ ಮೇಲೆ ಯಾರೂ ಕೇಳಲಿಲ್ಲ. ಸೈನ್ಯದವರು ನನ್ನ ಕಡತ ಓದಿ ಮನೆಗೆ ಹೋಗು ಅಂದರು. ಅಲ್ಯೂಮಿನಿಯಂ ಕಿಟಕಿ ಮಾಡುವ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದೆ. ಇಡೀ ಊರಿನಲ್ಲಿ ನನ್ನ ಹೆಸರು ಕೂಗಿ ಕರೆಯುತ್ತಿದ್ದ ಜಾಗ ಒಂದೇ, ಆ ಎರಡು ಕಂಬಗಳ ನಡುವೆ. ನಾಲ್ಕನೆಯ ದರ್ಜೆಯ ತಂಡ. ಮೈದಾನದಲ್ಲಿ ಹುಲ್ಲಿಗಿಂತ ಕಲ್ಲು ಜಾಸ್ತಿ. ಪಂದ್ಯಗಳೆಲ್ಲ ಶನಿವಾರವೇ.

ನನ್ನ ನಂತರ ಅಮ್ಮನಿಗೆ ಮೂರು ಸಲ ಗರ್ಭ ಇಳಿದು ಹೋಯಿತು. ನಲವತ್ತಾರಕ್ಕೆ ಬಂದಾಗ ಆಕೆ ಅಳುವುದು ಬಿಟ್ಟು ಅರ್ಜಿ ಬರೆಯಲು ಶುರು ಮಾಡಿದಳು. ನಾಲ್ಕು ವರ್ಷ ಅರ್ಜಿ, ಫೋಟೋ, ಡಾಕ್ಟರ ಸರ್ಟಿಫಿಕೇಟು. ನನಗೆ ಹದಿನೆಂಟು ತುಂಬಿದ ವರ್ಷ ಮೇ ತಿಂಗಳಲ್ಲಿ ಇಬ್ಬರೂ ಮೊಲ್ದೋವಾಗೆ ಹೋಗಿ ನಾಲ್ಕು ವರ್ಷದ ವಿಯೊರಿಕಾಳನ್ನು ಕರೆತಂದರು.

ಆ ದಿನ ನಮ್ಮೂರಿನಲ್ಲಿ ನಲವತ್ತೆರಡು ಡಿಗ್ರಿ. ಕಾರಿನಿಂದ ಇಳಿದ ಹುಡುಗಿ ದಪ್ಪ ನೀಲಿ ಕೋಟು ತೊಟ್ಟಿದ್ದಳು. ಕತ್ತಿನವರೆಗೆ ಗುಂಡಿ. ಕಾಲಿಗೆ ಕಂದು ಬಣ್ಣದ ಲೇಸಿನ ಶೂ. ಮೊದಲ ಮಹಡಿಯ ಬಾಲ್ಕನಿಯಿಂದ ಮದಾಂ ಫೋರ್ಟೂನಾ ಕೂಗಿದಳು, "ಅಲೀಝಾ, ಮಗೂನ ಬೇಯಿಸ್ತಿದ್ದೀಯೇನೇ? ಬಿಚ್ಚೇ ಆ ಕಂಬಳೀನ!" ಅಮ್ಮ ಬಿಚ್ಚಲು ಹೋದಳು. ಹುಡುಗಿ ಅಮ್ಮನ ಕೈ ಕಚ್ಚಿದಳು.

ಕೋಟು ಮೂರನೆಯ ದಿನ ಬಿಚ್ಚಿದಳು. ಶೂ ಮಾತ್ರ ಬಿಚ್ಚಲಿಲ್ಲ. ಮಲಗುವಾಗಲೂ ಕಾಲಲ್ಲೇ. ನಿದ್ದೆ ಬಂದ ಮೇಲೆ ಅಮ್ಮ ಮೆಲ್ಲಗೆ ತೆಗೆದಿಡುತ್ತಿದ್ದಳು. ಬೆಳಿಗ್ಗೆ ನೋಡಿದರೆ ಮತ್ತೆ ಕಾಲಲ್ಲಿ. "ಮೊಂಡಿ," ಅಂದಳು ಅಮ್ಮ. "ನಿನ್ನ ಮಗಳೇ ಸರಿ," ಅಂದ ಅಪ್ಪ. ನನ್ನ ಕೋಣೆಯನ್ನೇ ಅವಳಿಗೂ ಕೊಟ್ಟಿದ್ದರು. ನಾನು ಅವಳ ಮಂಚದ ಪಕ್ಕ ನೆಲದ ಮೇಲೆ ಮಲಗುತ್ತಿದ್ದೆ. ಯಿನೋನ್ ಅನ್ನಲು ಅವಳಿಗೆ ಬರುತ್ತಿರಲಿಲ್ಲ. ನೋನ್ ಅನ್ನುತ್ತಿದ್ದಳು.

ಎರಡು ತಿಂಗಳಾದ ಮೇಲೆ ಧರ್ಮಗುರುಗಳಾದ ರಬ್ಬಿಗಳ ಪೀಠದ ಮುಂದೆ ಹೋದೆವು. ಹೆತ್ತವಳು ಯೆಹೂದಿಯಾದರೆ ಮಗು ಯೆಹೂದಿ. ವಿಯೊರಿಕಾಳನ್ನು ಹೆತ್ತವಳು ಯಾರೋ. ಹಾಗಾಗಿ ಮಗುವನ್ನು ಧರ್ಮಕ್ಕೆ ಸೇರಿಸಿಕೊಳ್ಳಬೇಕು. ಇಲ್ಲದಿದ್ದರೆ ಇಪ್ಪತ್ತು ವರ್ಷ ಬಿಟ್ಟು ಮದುವೆಯ ಹೊತ್ತಿಗೆ, ಸತ್ತರೆ ಮಣ್ಣಿನ ಹೊತ್ತಿಗೆ, ಪ್ರತಿಯೊಂದಕ್ಕೂ ನೀನು ಯಾರು ಎಂಬ ಪ್ರಶ್ನೆ ಬರುತ್ತದೆ. ಸೇರಿಸಿಕೊಳ್ಳಬೇಕಾದರೆ ಆ ಮನೆ ಧರ್ಮ ಪಾಲಿಸುವ ಮನೆಯಾಗಿರಬೇಕು. ಎರಡು ವರ್ಷ ನೋಡುತ್ತಾರೆ.

ಮೂವರಲ್ಲಿ ನಡುವೆ ಕೂತಿದ್ದವರು ರಬ್ಬಿ ಎಡ್ರಿ. ಗಡ್ಡದಲ್ಲಿ ತಂಬಾಕಿನ ಹಳದಿ ಗೆರೆ. ನನ್ನನ್ನು ತೋರಿಸಿ ಕೇಳಿದರು, "ಈ ಹುಡುಗ ಶನಿವಾರ ಏನ್ಮಾಡ್ತಾನೆ?"

"ಮಲಗಿರ್ತಾನೆ ರಬ್ಬಿಯವ್ರೇ," ಅಂದಳು ಅಮ್ಮ.

"ಪೇಪರಿನಲ್ಲಿ ಫೋಟೋ ನೋಡಿದೆ. ಗಾಳಿಯಲ್ಲಿ ಅಡ್ಡಡ್ಡ ಮಲಗಿದ್ದ." ನನ್ನ ಕಡೆ ತಿರುಗಿದರು. "ಕೈ ಚೆನ್ನಾಗಿವೆ ಕಣಪ್ಪ. ವಾರಕ್ಕೊಂದು ದಿನ ಅವಕ್ಕೂ ವಿಶ್ರಾಂತಿ ಕೊಡು."

ಅಂದು ಸಂಜೆ ಅಪ್ಪ ನನ್ನನ್ನು ಬಾಗಿಲ ಬಳಿಗೆ ಕರೆದ. ಚೌಕಟ್ಟಿಗೆ ಹೊಡೆದ ಪವಿತ್ರ ಸುರುಳಿಯ ಗೂಡಿನ ಮೇಲೆ ಕೈ ಇಟ್ಟ. "ಲೋ ಯಿನೋನ್, ನೀನು ಅವಳ ಅಣ್ಣ. ತಂಡ ಬಿಡ್ಬೇಕು ನೀನು. ನಾನು ಸಿಗರೇಟು, ಟೀವಿ, ಕಾರು ಎಲ್ಲ ಬಿಡ್ತೀನಿ."

"ಎರಡು ವರ್ಷಾನಾ?"

"ಎರಡು ವರ್ಷಕ್ಕಾಗಿದ್ರೆ ನಿನ್ನ ಕೇಳ್ತಿದ್ನೇನೋ? ಏನಾದ್ರೂ ಸುಳ್ಳು ಹೇಳಿ ಜಾರ್ಕೊಳ್ತಿದ್ದೆ. ಇನ್ಮೇಲೆ ನಮ್ಮ ಮನೆ ಹಿಂಗೇ. ಅವಳು ಇರೋವರ್ಗೂ ಹಿಂಗೇ. ನಾಟಕ ಅಲ್ಲ ಇದು."

ಆ ಮಾತು ಬಾಯಿಪಾಠವಾಗುವಷ್ಟು ಸಲ ನಾನು ನೆನೆಸಿಕೊಂಡಿದ್ದೇನೆ. ನಾಟಕ ಅಲ್ಲ ಇದು.

ಮರುದಿನ ಕೋಚ್ ಝಫ್ರಾನಿಗೆ ಕೈಗವಸು ಕೊಟ್ಟೆ. "ಏನಪ್ಪಾ, ಗಡ್ಡ ಯಾವಾಗಿಂದ ಬಿಡೋದು?" ಅಂದ. ಹಿಂದೆ ನಿಂತಿದ್ದವರು ನಕ್ಕರು. ನನ್ನ ಜಾಗಕ್ಕೆ ಒಬ್ಬನನ್ನು ನಿಲ್ಲಿಸಿದರು. ಮೊದಲ ಪಂದ್ಯದಲ್ಲೇ ಆರು ಗೋಲು ಬಿಟ್ಟ. ನಮ್ಮ ಬಾಲ್ಕನಿಗೆ ಮೈದಾನದ ಕೂಗು ಕೇಳುತ್ತದೆ. ಗೋಲಾದಾಗ ಬರುವ ಕೂಗು ಬೇರೆ, ತಡೆದಾಗ ಬರುವ ಕೂಗು ಬೇರೆ. ನಾನು ಕಿವಿಗೆ ದಿಂಬು ಒತ್ತಿಕೊಂಡು ಮಲಗುತ್ತಿದ್ದೆ.

ಮನೆ ಬದಲಾಯಿತು. ದೀಪಗಳನ್ನು ತಾನಾಗಿ ಆರಿಸುವ ಗಡಿಯಾರ ಬಂತು. ಫ್ರಿಜ್ಜಿನೊಳಗಿನ ಬಲ್ಬು ಹೊತ್ತದಂತೆ ಸ್ವಿಚ್ಚಿಗೆ ಟೇಪು. ಪೀಠದವರು ಶನಿವಾರ ಫೋನು ಮಾಡಿ ಯಾರಾದರೂ ಎತ್ತುತ್ತಾರಾ ನೋಡುತ್ತಾರಂತೆ ಎಂದು ಮದಾಂ ಫೋರ್ಟೂನಾ ಹಬ್ಬಿಸಿದ್ದಳು, ಹಾಗಾಗಿ ಅಮ್ಮ ಫೋನುಗಳನ್ನೆಲ್ಲ ಆಫ್ ಮಾಡಿ ಹಿಟ್ಟಿನ ಡಬ್ಬದಲ್ಲಿ ಹೂತಿಡುತ್ತಿದ್ದಳು. ನಮಗೆಲ್ಲರಿಗಿಂತ ಬೇಗ ಕಲಿತವಳು ವಿಯೊರಿಕಾ. "ಅಪ್ಪಾ, ಪೆನ್ನು ಮುಟ್ಬೇಡ! ಇವತ್ತು ಪೆನ್ನು ಮುಟ್ಬಾರ್ದು!" ಅಪ್ಪ ಕೈ ಮೇಲೆತ್ತಿ ಸಿಕ್ಕಿಬಿದ್ದ ಕಳ್ಳನ ಹಾಗೆ ನಿಲ್ಲುತ್ತಿದ್ದ. ಅವಳು ಬಿದ್ದು ಬಿದ್ದು ನಗುತ್ತಿದ್ದಳು. ಆ ನಗು ನಮ್ಮ ಮನೆಯಲ್ಲಿ ಮೊದಲ ಸಲ ಕೇಳಿದ್ದು ಶನಿವಾರವೇ.

ಒಂದು ಶುಕ್ರವಾರ, ದೀಪ ಹಚ್ಚಿ ಆದಮೇಲೆ, ಹುಡುಗಿ ಮರೆತು ಬಚ್ಚಲಿನ ಸ್ವಿಚ್ಚು ಒತ್ತಿದಳು. ಅಮ್ಮ ಓಡಿ ಬಂದು ಅವಳ ಕೈಗೆ ಹೊಡೆದಳು. ಹೆದರಿಕೆಯಲ್ಲಿ ಹೊಡೆದದ್ದು, ಅದು ನನಗೂ ಗೊತ್ತು. ಆದರೆ ಹೊಡೆದ ಮೇಲೆ ಒಂದು ಮಾತು ಅಂದಳು: "ಹಿಂಗೆಲ್ಲ ಮುಟ್ಟಿದ್ರೆ ರಬ್ಬಿಗಳು ಬಂದು ನಿನ್ನ ವಾಪಸ್ ಕರ್ಕೊಂಡು ಹೋಗ್ತಾರೆ! ಬೇಕಾ ನಿಂಗೆ?"

ನಾನು ಅಲ್ಲೇ ನಿಂತಿದ್ದೆ. ಏನೂ ಹೇಳಲಿಲ್ಲ. ಇದನ್ನೂ ಬರೆಯಬೇಕು.

ಅದಾಗಿ ಮೂರೋ ನಾಲ್ಕೋ ವಾರಕ್ಕೆ, ಮತ್ತೊಂದು ಶುಕ್ರವಾರ ಸಂಜೆ, ವಿಯೊರಿಕಾ ತಾನಾಗಿ ಶೂ ಬಿಚ್ಚಿದಳು. ಗೋಡೆಗೆ ಒತ್ತಿ ಜೋಡಿಸಿಟ್ಟಳು. ಬರಿಗಾಲಲ್ಲಿ ಹಾಸಿಗೆಗೆ ಹತ್ತಿದಳು. ಬೆರಳುಗಳೆಲ್ಲ ಬಿಳುಚಿಕೊಂಡು ಸುಕ್ಕಾಗಿದ್ದವು.

"ಇವತ್ತು ಶೂ ಬೇಡ್ವಾ?" ಅಂದೆ.

"ಬೇಡ. ನಾಳೆ ಶಬ್ಬಾತ್ ಅಲ್ವಾ. ರಬ್ಬಿಗಳು ಕಾರು ಹತ್ತಲ್ಲ."

"ಹ್ಞೂ, ಹತ್ತಲ್ಲ."

"ನಮ್ಮ ಕಾರೂ ಓಡಲ್ಲ."

"ಓಡಲ್ಲ."

"ಹಂಗಾದ್ರೆ ನಾಳೆ ನನ್ನ ಯಾರೂ ಕರ್ಕೊಂಡು ಹೋಗಕ್ಕಾಗಲ್ಲ," ಅಂದು ಗೋಡೆ ಕಡೆ ತಿರುಗಿ ನಿದ್ದೆ ಹೋದಳು.

ಅಲ್ಲಿಯವರೆಗಿನ ಅವಳ ಬದುಕಿನಲ್ಲಿ ಮನೆ ಬದಲಾದಾಗಲೆಲ್ಲ ಮೊದಲು ಒಂದು ಕಾರು ಬಂದಿತ್ತು. ಅಜ್ಜಿಯ ಮನೆಯಿಂದ ಆಸ್ಪತ್ರೆಗೆ ಕಾರು. ಅಲ್ಲಿಂದ ಅನಾಥಾಲಯಕ್ಕೆ ಕಾರು. ಅನಾಥಾಲಯದಿಂದ ನಮ್ಮ ಅಪ್ಪ ಅಮ್ಮನ ಜೊತೆ ಕಾರು. ಯಾವ ಸಲವೂ ಅವಳನ್ನು ಕೇಳಿರಲಿಲ್ಲ, ಶೂ ಹಾಕಿಕೋ ಅಂದಿದ್ದರು ಅಷ್ಟೇ. ಅದಕ್ಕೇ ಆರು ದಿನ ಶೂ ಹಾಕಿಕೊಂಡು ಮಲಗುತ್ತಿದ್ದಳು, ಒಂದು ದಿನ ಬರಿಗಾಲಲ್ಲಿ. ಬೀದಿಯಲ್ಲಿ ಶನಿವಾರ ಬೇರೆಯವರ ಕಾರು ಓಡುತ್ತಿದ್ದವು. ಅವು ಅವಳ ಲೆಕ್ಕಕ್ಕೆ ಇರಲಿಲ್ಲ. ನಮ್ಮದು ನಿಂತಿದೆಯಾ ಅಂತ ಬಾಲ್ಕನಿಯಿಂದ ಬಗ್ಗಿ ನೋಡಿ ಬರುತ್ತಿದ್ದಳು.

ನನಗೆ ದೇವರ ಮೇಲೆ ಭಕ್ತಿ ಹುಟ್ಟಲಿಲ್ಲ. ಸುಳ್ಳು ಹೇಳಿ ಪ್ರಯೋಜನವಿಲ್ಲ. ಆದರೆ ಆ ಸಂಜೆಯ ನಂತರ ಶನಿವಾರ ಕಿವಿಗೆ ದಿಂಬು ಒತ್ತಿಕೊಳ್ಳುವುದನ್ನು ಬಿಟ್ಟೆ. ಮೈದಾನ ಕೂಗಿಕೊಳ್ಳಲಿ. ನಾನು ಬೇರೆ ಕಡೆ ಗೋಲು ಕಾಯುತ್ತಿದ್ದೇನೆ ಅನಿಸಿತು.

ಎರಡು ವರ್ಷ ಹೀಗೆ ಕಳೆಯಿತು. ಈ ಜೂನ್ ಶುರುವಿನಲ್ಲಿ ವಿಯೊರಿಕಾಳನ್ನು ಧರ್ಮಕ್ಕೆ ಸೇರಿಸಿಕೊಳ್ಳಲು ಶುದ್ಧಿಕೊಳದಲ್ಲಿ ಮುಳುಗಿಸಿದರು. ಅಮ್ಮ ಜೊತೆಗೆ ಇಳಿದಿದ್ದಳು. ಅಪ್ಪ, ನಾನು ಹೊರಗೆ ಬೆಂಚಿನ ಮೇಲೆ. ಒದ್ದೆ ಕೂದಲಿನಲ್ಲಿ ಓಡಿ ಬಂದು, "ಮೂರು ಸಲ ಮುಳುಗ್ದೆ ನೋನ್! ಕಣ್ಣು ಬಿಟ್ಕೊಂಡೇ!" ಅಂದಳು. ರಬ್ಬಿ ಎಡ್ರಿ ಕಾಗದಕ್ಕೆ ಸಹಿ ಹಾಕಿ ಅವಳ ತಲೆ ಮೇಲೆ ಕೈಯಿಟ್ಟು, "ಇನ್ನು ನಿನ್ನ ಯಾರೂ ಕೇಳೋ ಹಾಗಿಲ್ಲ ಮಗಳೇ," ಅಂದರು.

ಆ ದಿನ ಮಂಗಳವಾರ. ಮನೆಗೆ ಬಂದು ಮಲಗುವಾಗ ಅವಳು ಶೂ ಬಿಚ್ಚಿಟ್ಟಳು. ಬುಧವಾರವೂ ಬಿಚ್ಚಿದಳು. ಗುರುವಾರವೂ. ಹನ್ನೊಂದು ರಾತ್ರಿ ನಮ್ಮ ಹುಡುಗಿ ಬರಿಗಾಲಲ್ಲಿ ಮಲಗಿದಳು.

ಹನ್ನೊಂದನೆಯ ದಿನ ಅಪ್ಪ ಟೀವಿ ಹಾಕಿದ.

ಮೂರು ನಕ್ಷತ್ರ ಕಂಡ ಮೇಲೆ ನಾನು ಅಡುಗೆಮನೆಗೆ ಹೋಗಿ ಇಬ್ಬರನ್ನೂ ನಿಲ್ಲಿಸಿ ಕೇಳಿದೆ.

"ನಾಟಕ ಅಲ್ಲ ಅಂದಿದ್ದೆ ನೀನು."

"ಯಾವಾಗ?" ಅಂದ ಅಪ್ಪ.

"ಅಲ್ಲಿ ಕೈ ಇಟ್ಟು." ಬಾಗಿಲ ಚೌಕಟ್ಟು ತೋರಿಸಿದೆ.

"ಓ, ಅದಾ." ಹಾಲಿನ ಗ್ಲಾಸು ತೊಳೆಯುತ್ತಿದ್ದ. "ನೀನು ಆಗ ಹದಿನೆಂಟು ವರ್ಷದ ಗೂಳಿ ಕಣೋ. ಹಂಗೆ ಹೇಳ್ದಿದ್ರೆ ಬಿಡ್ತಿದ್ಯಾ ನೀನು?"

"ಬೇರೆಯವ್ರೂ ಹಿಂಗೇ ಮಾಡೋದು ಯಿನೋನ್," ಅಂದಳು ಅಮ್ಮ, ಎಳೆ ಮಗುವಿಗೆ ಹೇಳುವ ಹಾಗೆ. "ಅಫುಲಾದಲ್ಲಿ ನಮ್ಮ ಹಾಗೇ ಮಗು ತಂದ ದಂಪತಿ, ಕಾಗದ ಸಿಕ್ಕಿ ಮೂರೇ ದಿನಕ್ಕೆ, ಶಬ್ಬಾತ್ ದಿನಾನೇ ಕಾರಲ್ಲಿ ಸಮುದ್ರಕ್ಕೆ ಹೋದ್ರಂತೆ. ನಾವು ಹನ್ನೊಂದು ದಿನ ಕಾದಿದ್ದೀವಿ."

"ಅವಳು ಶೂ ಹಾಕ್ಕೊಂಡು ಮಲಗಿದ್ದಾಳೆ."

"ಮಕ್ಕಳು. ಎರಡು ದಿನಕ್ಕೆ ಮರೀತಾವೆ."

"ಮರೆಯಲ್ಲ ಅವಳು! ಯಾರೋ ಕರ್ಕೊಂಡು ಹೋಗ್ತಾರೆ ಅಂತ ಹಾಕ್ಕೋತಾಳೆ. ನೀನೇ ಹೇಳಿದ್ದು ಅವತ್ತು, ವಾಪಸ್ ಕಳಿಸ್ತಾರೆ ಅಂತ."

"ನಾನಾ? ನಾನ್ಯಾಕೆ ಹಂಗೆ ಹೇಳ್ಲಿ?" ಅಮ್ಮನ ಮುಖ ನೋಡಿದೆ. ಸುಳ್ಳು ಹೇಳುತ್ತಿರಲಿಲ್ಲ. ನಿಜವಾಗಿಯೂ ಮರೆತಿದ್ದಳು.

ಮಂಗಳವಾರ ಕೋಚ್ ಝಫ್ರಾನಿ ಅಂಗಡಿಗೆ ಬಂದ. ಕೈಯಲ್ಲಿ ಪ್ಲಾಸ್ಟಿಕ್ ಚೀಲ. ಒಳಗೆ ನನ್ನ ಕೈಗವಸು. ಎರಡು ವರ್ಷದಿಂದ ತೊಳೆದು ಒಣಗಿಸಿ ಇಟ್ಟಿದ್ದನಂತೆ.

"ಶನಿವಾರ ಕಡೇ ಪಂದ್ಯ. ಗೆದ್ರೆ ಮೇಲಿನ ದರ್ಜೆ. ಬರ್ತೀಯಲ್ಲ?"

"ಇವನ್ನ ಯಾಕೆ ಇಟ್ಕೊಂಡಿದ್ದೆ?"

"ನಿಮ್ಮಪ್ಪ ಹೇಳಿದ್ನಲ್ಲೋ. ನೀನು ಬಿಟ್ಟ ವಾರಾನೇ ಬಂದು, 'ಇಟ್ಕೊಂಡಿರು, ಕಾಗದ ಸಿಕ್ಕಿದ ತಕ್ಷಣ ಹುಡುಗ ವಾಪಸ್ ಬರ್ತಾನೆ' ಅಂದ." ನನ್ನ ಮುಖ ನೋಡಿ ಅವನ ನಗು ಇಳಿಯಿತು. "ನಿಂಗೆ ಗೊತ್ತಿರ್ಲಿಲ್ವಾ? ಇಡೀ ಊರಿಗೆ ಗೊತ್ತಿತ್ತಲ್ಲೋ."

ಇಡೀ ಊರಿಗೆ ಗೊತ್ತಿತ್ತು. ಮದಾಂ ಫೋರ್ಟೂನಾಗೆ ಗೊತ್ತಿತ್ತು. ಬೀಜ ಉಗಿಯುವವರಿಗೆಲ್ಲ ಗೊತ್ತಿತ್ತು. ಆರು ಗೋಲು ಬಿಟ್ಟವನಿಗೂ ತಾನು ಎರಡು ವರ್ಷದ ಬಾಡಿಗೆಯವನು ಅಂತ ಗೊತ್ತಿತ್ತು. ಗೊತ್ತಿಲ್ಲದವರು ಇಬ್ಬರೇ. ನಾನು ಮತ್ತು ಆರು ವರ್ಷದ ಹುಡುಗಿ. ಅವಳು ಮಗು. ನನಗೇನಾಗಿತ್ತು?

ಚೀಲ ಅವನ ಮುಖಕ್ಕೆ ಎಸೆಯಬೇಕಿತ್ತು. ಎಸೆಯಲಿಲ್ಲ. ಕೈಗವಸು ಹಾಕಿ ನೋಡಿದೆ. ಸರಿಯಾಗಿ ಕೂತವು. ಆ ವಾರವೆಲ್ಲ ಕಿಟಕಿಯ ಚೌಕಟ್ಟು ಕೊಯ್ಯುತ್ತ ಅದೇ ಯೋಚನೆ. ಮನೆಯವರೆಲ್ಲ ಬಿಟ್ಟ ಮೇಲೆ ನಾನೊಬ್ಬ ಯಾಕೆ ಕಟ್ಟಿಕೊಂಡು ಸಾಯಬೇಕು? ಶುಕ್ರವಾರ ಬರುವ ಹೊತ್ತಿಗೆ ಹೋಗುವುದು ಅಂತ ಮನಸ್ಸಿನಲ್ಲಿ ತೀರ್ಮಾನವಾಗಿತ್ತು. ಆ ಸಂಜೆ ಅಮ್ಮ ದೀಪ ಹಚ್ಚಿದಾಗ ವಿಯೊರಿಕಾ ನನ್ನ ಪಕ್ಕ ಬಂದು ನಿಂತು, "ನೋನ್, ನಾಳೆ ನೀನು ಟೀವಿ ಹಾಕಲ್ಲ ಅಲ್ವಾ?" ಅಂದಳು.

"ಇಲ್ಲ," ಅಂದೆ. ಟೀವಿ ಹಾಕುವುದಿಲ್ಲ, ಅದು ನಿಜ. ಅಪ್ಪನ ಮಗ ತಾನೇ ನಾನು.

ಅವಳು ಶೂ ಬಿಚ್ಚದೆ ಮಲಗಿದಳು.

ಶನಿವಾರ ಹನ್ನೊಂದು ಗಂಟೆಗೆ ಅಪ್ಪ ಪ್ರಾರ್ಥನೆಯಿಂದ ಬಂದವನೇ ಟೋಪಿ ಮೊಳೆಗೆ ಸಿಕ್ಕಿಸಿ ಚಪ್ಪಾಳೆ ತಟ್ಟಿದ. "ಏಳಿ ಏಳಿ! ಕಿನ್ನೆರೆತ್ ಸರೋವರಕ್ಕೆ ಹೋಗೋಣ! ಮಗು ಎರಡು ವರ್ಷದಿಂದ ಬಿಸಿಲಲ್ಲಿ ಒಣಗಿದ್ದಾಳೆ, ನೀರು ತೋರ್ಸೋಣ. ಅಲೀಝಾ, ಕಲ್ಲಂಗಡಿ ತಗೋ. ವಿಯೊ, ಶೂ ಹಾಕ್ಕೋ ನನ್ನ ಕಣ್ಣೇ, ಕಾರಲ್ಲಿ ಹೋಗ್ತಿದ್ದೀವಿ!"

ನಾನು ಬಚ್ಚಲಲ್ಲಿದ್ದೆ. ಕೈಗವಸು ಚೀಲಕ್ಕೆ ಹಾಕಿಕೊಂಡು, ಯಾರ ಕಣ್ಣಿಗೂ ಬೀಳದೆ ಹಿಂಬದಿಯ ಮೆಟ್ಟಿಲಿಂದ ಮೈದಾನಕ್ಕೆ ಜಾರುವ ಯೋಚನೆಯಲ್ಲಿದ್ದೆ. ಆ ಮಾತು ಕೇಳಿತು. ಕೇಳಿದರೂ ಹೊರಟೆ. ಕಟ್ಟಡ ಸುತ್ತಿಕೊಂಡು ಮುಂದೆ ಬಂದಾಗ ಕಾರು ಆಗಲೇ ಗುರುಗುಟ್ಟುತ್ತಿತ್ತು. ಅಮ್ಮ ಮುಂದಿನ ಸೀಟಿನಲ್ಲಿ, ತೊಡೆಯ ಮೇಲೆ ಕಲ್ಲಂಗಡಿ. ಹಿಂದಿನ ಸೀಟಿನಲ್ಲಿ ವಿಯೊರಿಕಾ.

ಅವಳು ಆ ನೀಲಿ ಕೋಟು ಹಾಕಿಕೊಂಡಿದ್ದಳು.

ಎರಡು ವರ್ಷ ಬೀರುವಿನ ತಳದಲ್ಲಿ ಬಿದ್ದಿದ್ದ ಕೋಟು. ತೋಳು ಮೊಣಕೈಯವರೆಗೆ ಮಾತ್ರ ಬರುತ್ತಿತ್ತು. ಆದರೂ ಕತ್ತಿನವರೆಗೆ ಗುಂಡಿ ಹಾಕಿಕೊಂಡಿದ್ದಳು. ಮಡಿಲಲ್ಲಿ ಏಪ್ರಿಕಾಟ್ ಬೀಜದ ಡಬ್ಬಿ. ಅಳುತ್ತಿರಲಿಲ್ಲ. ನೆಟ್ಟಗೆ ಕೂತು ಎದುರಿನ ಸೀಟು ನೋಡುತ್ತಿದ್ದಳು.

ಅಪ್ಪ ಕನ್ನಡಿಯಲ್ಲಿ ನೋಡಿ ನಗುತ್ತಿದ್ದ. "ನೋಡು ಅಲೀಝಾ, ಚಳಿಯಂತೆ ನಿನ್ನ ಮಗಳಿಗೆ!"

ನಾನು ಓಡಿದೆ. ಅಪ್ಪ ಗೇರು ಹಾಕಿದ್ದ. ಕಾರಿನ ಮುಂದೆ ಹೋಗಿ, ಎರಡೂ ಕಾಲು ಅಗಲಿಸಿ, ಮಂಡಿ ಬಗ್ಗಿಸಿ, ಕೈ ಚಾಚಿ ನಿಂತೆ. ಬೇರೆ ರೀತಿ ನಿಲ್ಲಲು ನನಗೆ ಬರುವುದಿಲ್ಲ.

ಅಪ್ಪ ಬ್ರೇಕು ಒತ್ತಿದ. ಹಾರ್ನು ಹೊಡೆದ. ಶನಿವಾರ ಬೆಳಿಗ್ಗೆ, ಪ್ರಾರ್ಥನೆ ಬಿಟ್ಟ ಹೊತ್ತಲ್ಲಿ, ಬೀದಿಯ ತುಂಬ ಬಿಳಿ ಅಂಗಿಯವರು. ಬಾಲ್ಕನಿಗಳು ತುಂಬಿದವು.

"ಯಿನೋನ್, ಎಡಕ್ಕೆ ಹಾರೋ, ಎಡಕ್ಕೆ!" ಯಾರೋ ಕೂಗಿದ. ನಗು.

"ಪ್ರೋಸ್ಪೇರ್, ಪೆನಾಲ್ಟಿ ಹೊಡಿ!"

ಅಪ್ಪ ಕಿಟಕಿಯಿಂದ ತಲೆ ಹಾಕಿದ. "ತಲೆ ಕೆಟ್ಟಿದ್ಯೇನೋ? ಸರಿ ಆಚೆಗೆ!"

"ಶನಿವಾರ ನಮ್ಮ ಕಾರು ಓಡಲ್ಲ," ಅಂದೆ.

"ಏನಂದೆ?"

"ಶನಿವಾರ ನಮ್ಮ ಕಾರು ಓಡಲ್ಲ!" ಮೈದಾನದಲ್ಲಿ ಕೂಗುವ ಹಾಗೆ ಕೂಗಿದೆ. "ನೀನು ಹೇಳಿದ್ದು! ಅವಳು ಇರೋವರ್ಗೂ ಅಂದೆ. ಅವಳು ಇದ್ದಾಳಲ್ಲ ಇನ್ನೂ? ಇಲ್ವಾ? ಹಿಂದೆ ತಿರುಗಿ ನೋಡು, ಯಾಕೆ ಕೋಟು ಹಾಕ್ಕೊಂಡಿದ್ದಾಳೆ ಕೇಳು!"

"ಈ ಬೀದಿಯಲ್ಲಿ ನನ್ನ ಮಾನ ಕಳೀತಿದ್ದೀಯ."

"ನಿನ್ನ ಮಾನ ಹೋಗ್ಲಿ!"

ಕಾರು ಒಂದು ಗೇಣು ಮುಂದೆ ಬಂತು. ಬಂಪರ್ ನನ್ನ ಮಂಡಿಗೆ ತಾಗಿತು. ಅಪ್ಪ ಬೇಕೆಂದೇ ಬಿಟ್ಟನೋ, ಕಾಲು ಜಾರಿತೋ, ಇವತ್ತಿಗೂ ಕೇಳಿಲ್ಲ. ನಾನು ಅಲುಗಲಿಲ್ಲ. ನಗುತ್ತಿದ್ದವರು ಸುಮ್ಮನಾದರು.

ಆಗ ಹಿಂದಿನ ಸೀಟಿನಿಂದ ವಿಯೊರಿಕಾಳ ದನಿ ಕೇಳಿತು. ಕಿಟಕಿಗಳು ತೆರೆದಿದ್ದವು, ಎಲ್ಲರಿಗೂ ಕೇಳಿತು. ಅಮ್ಮನ ಹೆಗಲು ಮುಟ್ಟಿ ಹೇಳುತ್ತಿದ್ದಳು.

"ಅಮ್ಮಾ, ನಾನು ಏನೂ ಮುಟ್ಲಿಲ್ಲ. ಸ್ವಿಚ್ಚೂ ಮುಟ್ಲಿಲ್ಲ, ಪೆನ್ನೂ ಮುಟ್ಲಿಲ್ಲ. ಟೀವಿ ಹಾಕಿದ್ದು ಅಪ್ಪ. ನಾನು ಕಣ್ಣು ಮುಚ್ಕೊಂಡಿದ್ದೆ."

ಅಮ್ಮ ತಿರುಗಿ ನೋಡಿದಳು. ಮೊದಲು ಅವಳ ಮುಖ, ಆಮೇಲೆ ಕೋಟು, ಆಮೇಲೆ ಶೂ. ಎರಡು ವರ್ಷದ ಹಿಂದೆ ತಾನು ಅಂದದ್ದು ಅವಳಿಗೆ ಯಾವ ಕ್ಷಣಕ್ಕೆ ನೆನಪಾಯಿತು ಅಂತ ನನಗೆ ಗಾಜಿನಿಂದಲೇ ಕಂಡಿತು. ಬಾಗಿಲು ತೆರೆದು ಇಳಿಯಲು ಹೋದಳು. ಕಲ್ಲಂಗಡಿ ತೊಡೆಯಿಂದ ಉರುಳಿ ರಸ್ತೆಗೆ ಬಿದ್ದು ಒಡೆಯಿತು. ಅಮ್ಮ ಅದನ್ನು ದಾಟಲಿಲ್ಲ, ಹಾಗೇ ಪಾದಚಾರಿ ಕಟ್ಟೆಯ ಮೇಲೆ ಕೂತುಬಿಟ್ಟಳು. ಮದಾಂ ಫೋರ್ಟೂನಾ ಬಾಲ್ಕನಿಯಿಂದ ಒಳಗೆ ಹೋದಳು. ನನ್ನ ನೆನಪಿನಲ್ಲಿ ಅದೊಂದೇ ಸಲ.

ಅಪ್ಪ ಎಂಜಿನ್ ಆರಿಸಿದ.

ನಾನು ಹಿಂದಿನ ಬಾಗಿಲು ತೆರೆದೆ. ಅವಳು ಇಳಿಯಲಿಲ್ಲ.

"ನಡ್ಕೊಂಡು ಹೋಗ್ಬೇಕಾ?" ಅಂದಳು.

"ಎಲ್ಲಿಗೂ ಹೋಗ್ಬೇಕಾಗಿಲ್ಲ. ಸರೋವರ ತೋರ್ಸಕ್ಕೆ ಹೊರಟಿದ್ರು ಅಷ್ಟೇ. ನೀರು. ಆಟ. ಸಂಜೆ ವಾಪಸ್ ಬರ್ತಿದ್ರು."

ಅವಳು ನನ್ನ ಕೈಯಲ್ಲಿದ್ದ ಚೀಲ ನೋಡಿದಳು. ಕೈಗವಸಿನ ಬೆರಳುಗಳು ಹೊರಗೆ ಇಣುಕುತ್ತಿದ್ದವು. "ನೀನೆಲ್ಲಿಗೆ ಹೊರಟಿದ್ದೆ?"

ಸುಳ್ಳು ಹೇಳಬಹುದಿತ್ತು. ನಮ್ಮ ಮನೆಯಲ್ಲಿ ಅದಕ್ಕೆ ಬರವಿಲ್ಲ.

"ಮೈದಾನಕ್ಕೆ," ಅಂದೆ. "ಹೋಗಲ್ಲ ಈಗ."

ಅವಳು ಕೋಟಿನಲ್ಲೇ ಇಳಿದಳು. ಮೂರು ಮಹಡಿ ಹತ್ತುವಾಗ ನನ್ನ ಕೈ ಹಿಡಿಯಲಿಲ್ಲ, ಕಂಬಿ ಹಿಡಿದಿದ್ದಳು. ಮೊದಲೆಲ್ಲ ನನ್ನ ಕೈ ಹಿಡಿಯುತ್ತಿದ್ದಳು.

ಮಧ್ಯಾಹ್ನ ಮೈದಾನದಿಂದ ಕೂಗು ಬಂತು. ನಾಲ್ಕು ಸಲ ಗೋಲಿನ ಕೂಗು. ಯಾರ ಗೋಲು ಅಂತ ಕೂಗಿನಿಂದಲೇ ತಿಳಿಯಿತು. ಬಾಡಿಗೆಯವನನ್ನು ಬೈದುಕೊಳ್ಳಲಿಲ್ಲ.

ಇದೆಲ್ಲ ಆಗಿ ಐದು ವಾರ. ಅಮ್ಮ ನನ್ನ ಹತ್ತಿರ ಮಾತಾಡುತ್ತಾಳೆ. ಅಪ್ಪ ಮಾತಾಡುವುದಿಲ್ಲ. ಬೀದಿಯವರ ಮುಂದೆ ಮಗ ತನ್ನನ್ನು ಕಳ್ಳನ ಹಾಗೆ ನಿಲ್ಲಿಸಿದ ಅಂತ ಅವನ ಸಿಟ್ಟು. ನಿಲ್ಲಿಸಿದೆ, ಹೌದು. ಕಾಗದಕ್ಕೆ ಗಾಜು ಹಾಕಿಸಿ ಗೋಡೆಗೆ ಹೊಡೆದಿದ್ದಾನೆ. ಸಹಿ, ಮೊಹರು ಎಲ್ಲ ಇವೆ. ಅವಳು ಅದರ ಕಡೆ ತಲೆ ಎತ್ತಿಯೂ ನೋಡುವುದಿಲ್ಲ.

ಪ್ರತಿ ಶುಕ್ರವಾರ ದೀಪ ಹಚ್ಚುವ ಮೊದಲು ನಾನು ಕಾರಿನ ಕೀ, ಟೀವಿಯ ರಿಮೋಟು ತೆಗೆದುಕೊಂಡು ಬರುತ್ತೇನೆ. ಅಪ್ಪ ಜೇಬಿನಿಂದ ಕೀ ತೆಗೆದು ಮೇಜಿನ ಮೇಲೆ ಎಸೆಯುತ್ತಾನೆ, ಕೈಗೆ ಕೊಡುವುದಿಲ್ಲ. ಎರಡನ್ನೂ ಒಂದು ಕೈಗವಸಿನೊಳಗೆ ತುರುಕಿ ಬಾಯಿ ಬಿಗಿದು ವಿಯೊರಿಕಾಳ ಮಂಚದ ಕೆಳಗೆ ಇಡುತ್ತೇನೆ. ಅವಳು ಬಗ್ಗಿ, ಮುಟ್ಟಿ ನೋಡುತ್ತಾಳೆ. ಒಳಗೆ ಇವೆಯಾ ಅಂತ ಹಿಸುಕಿ ನೋಡುತ್ತಾಳೆ. ಬರೀ ನನ್ನ ಮಾತಿನ ಮೇಲೆ ಈಗ ಅವಳಿಗೆ ನಂಬಿಕೆ ಇಲ್ಲ.

ಶೂ ಇನ್ನೂ ಬಿಚ್ಚಿಲ್ಲ. ಕಳೆದ ಶುಕ್ರವಾರ ನೋಡಿದೆ, ಲೇಸು ಕಟ್ಟಿರಲಿಲ್ಲ.